ಅರಗು ಕರಗುವ ತಿಂಗಳು

ಡಿಸೆಂಬರಿನಲ್ಲಿ ಬುಗುರಿ ಕಡೆಯಬೇಕೆಂದರೆ ಆಲೆ ಮರದ ತುಂಡುಗಳನ್ನು ಸೆಪ್ಟೆಂಬರಿಗೆ ಮೊದಲೇ ತಂದು, ತುದಿಗಳಿಗೆ ಮೇಣ ಬಳಿದು, ಒಣಗಲು ಇಟ್ಟಿರಬೇಕು. ಹಸಿ ಮರವನ್ನು ನಂಬುವ ಹಾಗಿಲ್ಲ. ಇವತ್ತು ದುಂಡಗೆ ಕಡೆದಿಟ್ಟದ್ದು ತಿಂಗಳೊಪ್ಪತ್ತಿನಲ್ಲಿ ಒಂದು ಮಗ್ಗುಲಿಗೆ ಕುಗ್ಗಿರುತ್ತದೆ, ಇಲ್ಲವೇ ಸೀಳಿರುತ್ತದೆ. ಹಾಗಾಗಿ ಮಂಗಳೂರಿನ ಮಳೆ ಇನ್ನೂ ಹಂಚಿನ ಮೇಲೆ ಕುಣಿಯುತ್ತಿರುವಾಗಲೇ ನಮ್ಮ ಅಟ್ಟದ ಮೇಲೆ ಕ್ರಿಸ್ಮಸ್ ಶುರುವಾಗಿರುತ್ತದೆ.

ನನ್ನ ವರ್ಕ್‌ಶಾಪ್ ಹಿತ್ತಲಿನ ಹಳೆ ಸೌದೆ ಕೊಟ್ಟಿಗೆ. ಪುಟ್ಟ ಲೇತ್, ಗೋಡೆಗೆ ತೂಗುಹಾಕಿದ ಉಳಿಗಳು, ಸಾಣೆಕಲ್ಲು, ಮೂಲೆಯಲ್ಲಿ ಹೊಟ್ಟು ತುಂಬಿದ ಗೋಣಿಚೀಲ. ಅಡುಗೆಮನೆಯಲ್ಲಿ ನೆವ್ರಿ, ಗುಳಿಯೊ, ಕುಕ್ಕಿಸ್ ಎಂದು ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ, ತಯಾರಿಯ ಗೌಜಿ ಏಳುವ ಹೊತ್ತಿಗೆ ನಾನು ಇಲ್ಲಿಗೆ ಜಾರಿಕೊಳ್ಳುತ್ತೇನೆ. ಬಾಚಣಿಗೆಯ ಮೇಲೆ ಕಿಡಿಯೊ ಹಿಟ್ಟು ಹೊರಳಿಸಲು ಯಾರಾದರೂ ಕರೆಯುವ ಮೊದಲೇ ಲೇತಿನ ಸ್ವಿಚ್ ಹಾಕಿಬಿಟ್ಟರೆ ಆಯಿತು, ಆ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ!

ಉಳಿಯ ಬಾಯಿ ಹರಿತವಾಗಿದ್ದರೆ ಆಲೆ ಮರ ಎದುರು ಮಾತಾಡದು. ಬೆಳ್ಳನೆಯ ಸಿಪ್ಪೆ ಸುರುಳಿಯಾಗಿ ಎದ್ದು ಮುಂಗೈ ಮೇಲೆ ಬೀಳುತ್ತದೆ. ಸಿಪ್ಪೆ ನಿಂತು ಪುಡಿ ಉದುರತೊಡಗಿತೆಂದರೆ ಸಾಣೆಕಲ್ಲಿನ ಹತ್ತಿರ ಹೋಗುವ ಸಮಯ ಬಂತೆಂದೇ ಲೆಕ್ಕ. ಉಪ್ಪು ಕಾಗದದಲ್ಲಿ ಉಜ್ಜಿ ನುಣುಪು ಮಾಡಿದ ಮೇಲೆ ಬರುತ್ತದೆ ಅರಗಿನ ಸರದಿ. ನಾನು ಇಷ್ಟೆಲ್ಲ ಪಡಿಪಾಟಲು ಪಡುವುದೇ ಈ ಗಳಿಗೆಗಾಗಿ. ಚನ್ನಪಟ್ಟಣದವರು ತಲೆಮಾರುಗಳಿಂದ ಮಾಡುತ್ತ ಬಂದ ಕೆಲಸ ಇದು. ಇದರಲ್ಲಿ ಕುಂಚವಿಲ್ಲ, ಡಬ್ಬಿಯ ಬಣ್ಣವಿಲ್ಲ. ಗಿರ್ರನೆ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ, ಕಾದ ದೋಸೆಯ ಮೇಲಿನ ಬೆಣ್ಣೆಯ ಹಾಗೆ ಹರಡಿಕೊಳ್ಳುತ್ತದೆ. ಮೊದಲು ಮಂಕಾಗಿ, ಗೀರುಗೀರಾಗಿ ಕಾಣುವ ಬಣ್ಣದ ಮೇಲೆ ಒಣ ಕೇದಗೆ ಎಲೆಯನ್ನು ಅದುಮಿ ಹಿಡಿಯಬೇಕು. ಎರಡೇ ಉಸಿರು, ಮಂಕು ಹರಿದು ಹೊಳಪು ಏಳುತ್ತದೆ. ಹಳದಿಯ ಪಕ್ಕ ಕೆಂಪು ಗೆರೆ ಕೂರಿಸುವಾಗ ಕೈ ಸ್ವಲ್ಪ ಅಲುಗಿದರೂ ಒಂದು ಇನ್ನೊಂದರೊಳಕ್ಕೆ ಹರಿಯುತ್ತದೆ. ಹಾಗೆ ಹರಿದದ್ದೂ ಕೆಲವೊಮ್ಮೆ ಚಂದವೇ.

ಉಡುಗೊರೆ ಕೊಡುವುದು ಇನ್ನೊಬ್ಬರ ಸಂತೋಷಕ್ಕೆ ಎನ್ನುತ್ತಾರೆ. ನನಗೆ ಆ ಮಾತಿನಲ್ಲಿ ಅಷ್ಟು ನಂಬಿಕೆ ಇಲ್ಲ. ಇಡೀ ಸಂತೋಷವನ್ನು ಕೊಟ್ಟಿಗೆಯಲ್ಲೇ ಅನುಭವಿಸಿ ಮುಗಿಸಿ, ಉಳಿದ ಬುಗುರಿಯನ್ನು ಕಾಗದದಲ್ಲಿ ಸುತ್ತಿ ತಮ್ಮನ ಮಗನಿಗೆ ಕೊಡುತ್ತೇನೆ, ಅಷ್ಟೆ. ಆದರೂ ಆ ಹುಡುಗ ಇಲ್ಲದಿದ್ದರೆ ಬುಗುರಿ ಈ ಗಾತ್ರಕ್ಕೆ ಬರುತ್ತಿರಲಿಲ್ಲ. ಅವನ ಕೈ ಪುಟ್ಟದು, ಹಿಡಿ ಸಣಕಲಾಗಿರಬೇಕು, ಹೊಟ್ಟೆ ಅಗಲವಾಗಿರಬೇಕು. ಭಾರ ಅಂಚಿನ ಕಡೆ ಇದ್ದಷ್ಟೂ, ನೆಲಕ್ಕೆ ಹತ್ತಿರವಿದ್ದಷ್ಟೂ ಬುಗುರಿ ಹೆಚ್ಚು ಹೊತ್ತು ನಿಲ್ಲುತ್ತದೆ. ಅಂಗಡಿಯಲ್ಲಿ ಕೊಂಡದ್ದಕ್ಕೆ ಯಾರ ಬೆರಳಿನ ಅಳತೆಯೂ ಗೊತ್ತಿರುವುದಿಲ್ಲ.

ಗೋದಲಿಯ ಕುರಿಗಳೂ ನನ್ನ ಪಾಲಿಗೆ ಬಂದಿವೆ. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಸಂತ ಫ್ರಾನ್ಸಿಸರು ಗೋದಲಿ ಏರ್ಪಡಿಸಿದಾಗ ಅಲ್ಲಿ ಜೀವಂತ ಎತ್ತು, ಕತ್ತೆಗಳೇ ನಿಂತಿದ್ದವು. ಅವರಿಗೆ ಲೇತಿನ ತೊಂದರೆ ಇರಲಿಲ್ಲ. ಲೇತಿನಲ್ಲಿ ದುಂಡಗಿನದು ಬಿಟ್ಟು ಬೇರೇನೂ ಹುಟ್ಟುವುದಿಲ್ಲವಲ್ಲ, ನಾಲ್ಕು ಕಾಲಿನ ಕುರಿಯನ್ನು ಎಲ್ಲಿಂದ ತರುವುದು? ಜರ್ಮನಿಯ ಸೈಫೆನ್ ಊರಿನವರು ಇದಕ್ಕೊಂದು ಅದ್ಭುತ ಉಪಾಯ ಕಂಡುಕೊಂಡಿದ್ದಾರೆ. ಗಣಿ ಕೆಲಸ ಕೈಕೊಟ್ಟಂತೆ ಮರದ ಆಟಿಕೆಗೆ ಇಳಿದ ಊರು ಅದು. ಅವರು ಮರವನ್ನು ದೊಡ್ಡ ಬಳೆಯಾಗಿ ಕಡೆಯುತ್ತಾರೆ. ನೋಡಿದರೆ ಅರ್ಥವಿಲ್ಲದ ಉಬ್ಬುತಗ್ಗು. ಅದನ್ನು ಅಡ್ಡಡ್ಡ ಸೀಳಿದರೆ ಮಾತ್ರ ಪ್ರತಿ ಹೋಳಿನಲ್ಲೂ ಒಂದೊಂದು ಕುರಿಯ ಆಕೃತಿ! ಒಳಗೆ ಪ್ರಾಣಿ ಹೇಗೆ ಬರುತ್ತಿದೆಯೆಂದು ಕಡೆಯುವವನಿಗೆ ಕಾಣುವುದೇ ಇಲ್ಲ, ಎಲ್ಲ ಕೈಯಂದಾಜು. ಅದೂ ಹಸಿ ಸ್ಪ್ರೂಸ್ ಮರದಲ್ಲಿ. ನಾನು ಆ ಸಾಹಸಕ್ಕೆ ಹೋಗದೆ, ದುಂಡು ಮೈ ಕಡೆದು ನಾಲ್ಕು ಕಡ್ಡಿ ಚುಚ್ಚುತ್ತೇನೆ. ಮಕ್ಕಳು ಅದನ್ನೇ ಕುರಿ ಎಂದು ಒಪ್ಪಿಕೊಳ್ಳುತ್ತಾರೆ.

ಹೋದ ವರ್ಷ ನೆರೆಮನೆಯ ಅಕ್ಕನಿಗೆ ಕುಸ್ವಾರ್ ತಟ್ಟೆಯ ಜೊತೆ ಒಂದು ಲಟ್ಟಣಿಗೆ ಕೊಟ್ಟಿದ್ದೆ. ಹಲಸಿನ ಮರದ್ದು, ಹಿಡಿಗಳಿಗೆ ಹಸಿರು ಅರಗು. ಹೇಗಿದೆ ಎಂದು ಮೊನ್ನೆ ಕೇಳಿದೆ.

“ಎಂಥ ಚಂದ ಉಂಟು ಮಾರಾಯ್ರೆ! ಅದರಲ್ಲಿ ಚಪಾತಿ ಲಟ್ಟಿಸುವುದಾ? ಶೋಕೇಸಿನಲ್ಲಿ ಇಟ್ಟಿದ್ದೇನೆ.”

ಈ ಸಲ ಅವರಿಗೆ ಇನ್ನೊಂದು ಲಟ್ಟಣಿಗೆ ಕಡೆಯುತ್ತಿದ್ದೇನೆ. ಅರಗು ಇಲ್ಲ, ಗೆರೆ ಇಲ್ಲ, ಹೊಳಪಂತೂ ಇಲ್ಲವೇ ಇಲ್ಲ.