ಭೂಮಿಗೆ ಜ್ವರ ಬರಿಸಿದವರು

ಭೂಮಿಗೆ ಜ್ವರ ಏರುತ್ತಿದೆ ಅಂತ ನೀವೂ ಕೇಳಿದ್ದೀರಿ. ಕಲ್ಲಿದ್ದಲು, ಪೆಟ್ರೋಲು, ಕಾರ್ಖಾನೆ ಹೊಗೆ ಇವೇ ದೊಡ್ಡ ಕಾರಣ. ಅದು ಗೊತ್ತಿದ್ದದ್ದೇ ಬಿಡಿ. ಆದರೆ ವಿಜ್ಞಾನಿಗಳ ಪಟ್ಟಿಯಲ್ಲಿ ಇನ್ನೂ ಕೆಲವು ಹೆಸರುಗಳಿವೆ ಕಣ್ರೀ, ಕೇಳಿದರೆ ಮೂಗಿನ ಮೇಲೆ ಬೆರಳಿಡುತ್ತೀರಿ! ಮೊದಲನೆಯ ಆರೋಪಿ ಕೊಟ್ಟಿಗೆಯ ಗೌರಿ.

ಹೌದು, ನಾವು ಅರಿಶಿನ ಕುಂಕುಮ ಹಚ್ಚಿ ಬಾಳೆಹಣ್ಣು ತಿನ್ನಿಸುವ ಅದೇ ಸಾಧು ಹಸು. ಅದರ ಹೊಟ್ಟೆಗೆ ನಾಲ್ಕು ಕೋಣೆ. ಎಲ್ಲಕ್ಕಿಂತ ದೊಡ್ಡ ಕೋಣೆಯಲ್ಲಿ ಮೇವು ದೋಸೆ ಹಿಟ್ಟಿನ ಹಾಗೆ ಹುದುಗುತ್ತದೆ. ಆಗ ಹುಟ್ಟುವ ಮಿಥೇನ್ ಅನಿಲ ಹೊರಬರುವುದು ಜನ ತಮಾಷೆ ಮಾಡುವಂತೆ ಹಿಂದಿನಿಂದಲ್ಲ, ಬಹುಪಾಲು ಬಾಯಿಂದ, ತೇಗಿನ ರೂಪದಲ್ಲಿ! ನೂರು ವರ್ಷದ ಲೆಕ್ಕ ಹಿಡಿದರೆ, ತೂಕಕ್ಕೆ ತೂಕ, ಇದು ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದಂತೆ. 2003ರಲ್ಲಿ ನ್ಯೂಜಿಲೆಂಡ್ ಸರ್ಕಾರ ಇದಕ್ಕೊಂದು ತೆರಿಗೆ ಹಾಕಲು ಹೊರಟಿತು. ರೈತರು ರೇಗಿದರು, ಸಂಸತ್ ಸದಸ್ಯರೊಬ್ಬರು ಸಂಸತ್ ಭವನದ ಮೆಟ್ಟಿಲ ಮೇಲೆಯೇ ಟ್ರ್ಯಾಕ್ಟರ್ ಹತ್ತಿಸಿದರು. ತೆರಿಗೆ ಅಲ್ಲಿಗೇ ಬಿತ್ತು. ಡೆನ್ಮಾರ್ಕಿನವರು ಮಾತ್ರ 2030ರಿಂದ ವಸೂಲಿ ಮಾಡುವುದೆಂದು 2024ರಲ್ಲಿ ತೀರ್ಮಾನಿಸಿದ್ದಾರೆ. ನಮ್ಮಲ್ಲಿ ಊಟವಾದ ಮೇಲೆ ಗಂಡಸರು ತೇಗುವುದಕ್ಕೆ ತೆರಿಗೆ ಬಂದರೆ ಎಷ್ಟು ಮನೆ ಹರಾಜಾಗುತ್ತವೋ!

ಇನ್ನೊಬ್ಬ ಆರೋಪಿ ಅನ್ನ. ಭತ್ತದ ಗದ್ದೆಯಲ್ಲಿ ನೀರು ನಿಂತರೆ ಕೆಸರಿಗೆ ಗಾಳಿ ತಾಗುವುದಿಲ್ಲ. ಅಲ್ಲಿಯೂ ಸೂಕ್ಷ್ಮಜೀವಿಗಳು ಮಿಥೇನ್ ಹುಟ್ಟಿಸುತ್ತವೆ. ನೀರನ್ನು ಆಗಾಗ ಆರಗೊಟ್ಟು ಮತ್ತೆ ಹಾಯಿಸಿದರೆ ಕಡಿಮೆಯಾಗುತ್ತದೆ. ನಮ್ಮತ್ತೆಯವರಿಗೆ ಇದನ್ನು ಹೇಳಿದೆ. "ನಾವು ಕೋಲಾರದ ಕಡೆಯವರು, ಮಳೆ ನೀರಲ್ಲಿ ಬೆಳೆದ ರಾಗಿ ಮುದ್ದೆ ತಿಂದವರು. ನಮ್ಮ ಮೇಲೆ ಯಾರೂ ಕೇಸು ಹಾಕೋ ಹಾಗಿಲ್ಲ" ಅಂದುಬಿಟ್ಟರು!

ಫ್ರಿಜ್ಜೂ ಪಟ್ಟಿಯಲ್ಲಿದೆ. ಹಿಂದಿನ ಗ್ಯಾಸು ಓಜೋನ್ ಪದರವನ್ನು ತೂತು ಮಾಡುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಬದಲಾಯಿಸಿದರು. ಬದಲಿಗೆ ಬಂದದ್ದು ಓಜೋನಿಗೆ ಸಾಧು, ಆದರೆ ಬಿಸಿ ಹಿಡಿಯುವುದರಲ್ಲಿ ಸಾವಿರ ಪಟ್ಟಿಗೂ ಮೀರಿದ ಘಾಟಿ. ಒಬ್ಬಳನ್ನು ಓಡಿಸಿ ಇನ್ನೊಬ್ಬಳನ್ನು ತಂದ ಹಾಗಾಯಿತು. ಈಗಿನ ಅನೇಕ ಹೊಸ ಫ್ರಿಜ್ಜುಗಳಲ್ಲಿ ಅದೂ ಇಲ್ಲ. ಹಳೆಯದಾದರೆ, ರಿಪೇರಿಯವನು ಗ್ಯಾಸನ್ನು ಬುಸ್ಸೆಂದು ಗಾಳಿಗೆ ಬಿಡದಂತೆ ಹೇಳಿ.

ನನಗೆ ಸಿಟ್ಟು ಬರುವುದು ಇಲ್ಲೇ. ಹಾಲು, ಅನ್ನ, ಫ್ರಿಜ್ಜು, ಎಲ್ಲಾ ಆರೋಪಿಗಳೂ ಅಡುಗೆಮನೆಯವರೇ! ಎಸೆದ ಅನ್ನವೂ ಕಸದ ಗುಡ್ಡೆಯಲ್ಲಿ ಕೊಳೆತು ಮಿಥೇನ್ ಆಗುತ್ತದೆ, ನಿಜ. ಆದರೆ ರಾತ್ರಿಯ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನ ಮಾಡುವ ನಮಗೆ ಅದನ್ನು ಕಲಿಸಬೇಕೆ? ಮದುವೆ ಛತ್ರದ ಹಿಂದೆ ಹೋಗಿ ಎಲೆಗಳ ರಾಶಿ ನೋಡಲಿ.

ಇಷ್ಟನ್ನೂ ನಮ್ಮ ಮನೆಯವರೇ ಓದಿ ಹೇಳಿದ್ದು, ಅದೂ ಹಾಲಿನ ಖರ್ಚು ಕಡಿಮೆ ಮಾಡು ಎನ್ನುವ ಉಪದೇಶದ ಸಮೇತ. ಆಮೇಲೆ ಬೀದಿ ಕೊನೆಯ ಅಂಗಡಿಯಿಂದ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತರಲು ಸ್ಕೂಟರ್ ಹತ್ತಿ ಹೊರಟರು.