ಏಪ್ರಿಲ್, ಮೇ ತಿಂಗಳ ನೀರು

1980ರ ದಶಕದಲ್ಲಿ ಹೊನ್ನಾವರ ಸೀಮೆಯ ನಮ್ಮೂರ ಸರಕಾರಿ ಆಸ್ಪತ್ರೆಯಲ್ಲಿ ಡಾಕ್ಟರ ಮೇಜಿನ ಪಕ್ಕ ಕಬ್ಬಿಣದ ಮುಕ್ಕಾಲಿ, ಅದರ ಮೇಲೊಂದು ಬೋಗುಣಿ ಇರುತ್ತಿತ್ತು. ಬೆಳಿಗ್ಗೆ ಡೆಟಾಲ್ ಬೆರೆಸಿಟ್ಟ ನೀರು ಮಧ್ಯಾಹ್ನದವರೆಗೂ ಅದೇ. ಗಾಯ ಮುಟ್ಟಿದ ಕೈಯನ್ನು ಅದರಲ್ಲಿ ಅದ್ದಿ, ಟವೆಲಿಗೆ ಒರೆಸಿ, ಮುಂದಿನವರನ್ನು ನೋಡುತ್ತಿದ್ದರು. ಟವೆಲೂ ದಿನಕ್ಕೊಂದೇ. ಮೂಲೆಯ ಮಣ್ಣಿನ ಕೊಡಕ್ಕೆ ಒಂದೇ ಲೋಟ. ವಾಂತಿ-ಭೇದಿಯೆಂದು ಬಂದವರೂ ಅದನ್ನೇ ಮುಳುಗಿಸಿ ಕುಡಿಯುತ್ತಿದ್ದರು.

ತಿಳಿಯದೆ ಹೀಗೆ ಮಾಡುತ್ತಿದ್ದರು ಎನ್ನಲಾರೆ. ಕೈ ತೊಳೆದರೆ ಬಾಣಂತಿಯರ ಸಾವು ಇಳಿಯುತ್ತದೆಂದು ವಿಯೆನ್ನಾದಲ್ಲಿ ವೈದ್ಯ ಸೆಮ್ಮೆಲ್‌ವೈಸ್ ತೋರಿಸಿದ್ದು 1847ರಲ್ಲಿ. ನಮ್ಮ ನರ್ಸಮ್ಮನೂ ಕೈ ತೊಳೆಯುವ ಪಾಠ ಕಲಿತೇ ಬಂದವರು. ಆದರೆ ನಲ್ಲಿ ಇರಲಿಲ್ಲ. ಬಾವಿಯಿಂದ ಸೇದಿ ತರಲು ಆಯಾ ಒಬ್ಬರೇ. ಹೆರಿಗೆಯಿದ್ದ ದಿನ ಹಂಡೆಯ ನೀರೆಲ್ಲ ಅಲ್ಲಿಗೇ.

ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕರಾವಳಿಯಲ್ಲಿ ನೀರಿಗೆ ಬರವೇ ಎಂದು ಘಟ್ಟದ ಮೇಲಿನವರು ಕೇಳುತ್ತಾರೆ. ಚಿರೇಕಲ್ಲಿನ ನೆಲ ಕುಡಿದ ಮಳೆಯನ್ನು ಬೇಗ ಬಿಟ್ಟುಬಿಡುತ್ತದೆ. ಮಾರ್ಚ್ ಕಳೆದರೆ ಗುಡ್ಡದ ಬಾವಿಗಳ ತಳ ಕಾಣುತ್ತದೆ. ಶರಾವತಿ, ಅಘನಾಶಿನಿ ಅಳಿವೆ ಬದಿಯ ಬಾವಿಗಳಿಗೆ ಉಪ್ಪು ಹತ್ತುತ್ತದೆ. ಉಪ್ಪುನೀರಿನಲ್ಲಿ ಸೋಪು ಸರಿಯಾಗಿ ನೊರೆ ಕಟ್ಟುವುದಿಲ್ಲ. ಮಳೆಗಾಲದಲ್ಲಿ ಬಾವಿ ತುಂಬುತ್ತದೆ, ಜೊತೆಗೆ ರಾಡಿಯೂ ಇಳಿಯುತ್ತದೆ. 1,000 ಲೀಟರಿಗೆ ಸುಮಾರು 2.5 ಗ್ರಾಂ ಬ್ಲೀಚಿಂಗ್ ಪೌಡರ್ ಎನ್ನುವುದು ತಿಳಿನೀರಿನ ಲೆಕ್ಕ; ಕೆಸರಿದ್ದರೆ ಕ್ಲೋರಿನ್ ಅದಕ್ಕೇ ಖರ್ಚಾಗಿಬಿಡುತ್ತದೆ. ಬಾವಿಗೆ ಪುಡಿ ಹಾಕಿದ್ದು ನಮಗೆ ವಾಸನೆಯಿಂದ ತಿಳಿಯುತ್ತಿತ್ತು. ಸಾಕಾಯಿತೇ ಎಂದು ಅಳೆದವರನ್ನು ನಾನು ಕಾಣಲಿಲ್ಲ.

ಈಗ ಭಟ್ಕಳದಿಂದ ಕುಮಟಾದವರೆಗೆ ನಾನು ನೋಡಿದ ಆರೋಗ್ಯ ಕೇಂದ್ರಗಳಲ್ಲಿ ಮೊಣಕೈಯಿಂದ ತಿರುಗಿಸುವ ನಲ್ಲಿ, ಕೈ ತೊಳೆಯುವ ಹಂತಗಳ ಚಿತ್ರ, ಕುಡಿಯುವ ನೀರಿಗೆ ಫಿಲ್ಟರ್ ಕಾಣುತ್ತವೆ. 2015ರ ಕಾಯಕಲ್ಪ ಯೋಜನೆ ಸ್ವಚ್ಛತೆಗೆ ಅಂಕ, ಬಹುಮಾನ ಇಟ್ಟದ್ದು ನಿಜಕ್ಕೂ ಕೆಲಸ ಮಾಡಿತು. 2020ರ ಮಾರ್ಚಿನಲ್ಲಿ ಭಟ್ಕಳದಲ್ಲಿ ಕೊರೊನಾ ಕಾಣಿಸಿದ ಮೇಲೆ ಸ್ಯಾನಿಟೈಸರ್ ಮೇಜುಮೇಜಿಗೂ ಬಂತು. ರಕ್ತ, ಕೊಳೆ ಮೆತ್ತಿದ ಕೈಗೆ ಮಾತ್ರ ಅದು ಸಾಲದು. ಸೋಪು ಹಚ್ಚಿ 40ರಿಂದ 60 ಸೆಕೆಂಡು ತೊಳೆಯಲೇಬೇಕು. ಅಷ್ಟು ಹೊತ್ತು ಹರಿಯುವ ನೀರು ಮೇ ತಿಂಗಳಲ್ಲೂ ಬೇಕು.

ಆದ್ದರಿಂದ ಯಾವ ಆಸ್ಪತ್ರೆಗೆ ಹೋದರೂ ಬೇಸಿಗೆಯಲ್ಲಿ ನೀರು ಎಲ್ಲಿಂದ ಎಂದು ಕೇಳುತ್ತೇನೆ. ಟ್ಯಾಂಕರ್ ಎಂಬ ಉತ್ತರ ಕೇಳಿದಾಗ ಸಂಕಟವಾಗುತ್ತದೆ. 100 ಚದರ ಮೀಟರಿನ ಚಾವಣಿಯ ಮೇಲೆ ನಮ್ಮಲ್ಲಿ ವರ್ಷಕ್ಕೆ 3 ಲಕ್ಷ ಲೀಟರು ಮಳೆ ಸುರಿಯುತ್ತದೆ. ಅದರಲ್ಲಿ 50,000 ಲೀಟರು ಹಿಡಿದಿಟ್ಟರೂ ಏಪ್ರಿಲ್, ಮೇ ಎರಡು ತಿಂಗಳು ಕೈ ತೊಳೆಯಲು ದಿನಕ್ಕೆ 800 ಲೀಟರು ಸಿಗುತ್ತದೆ.