ಮರುಭೂಮಿಗೆಂದು ಹೊರಟು ಮಟ್ಟಾಂಚೇರಿಗೆ

ನಿಮಗೆ ಪೆಟ್ರಾದ ಕೆಂಪು ಬಂಡೆಗಳ ಬಗ್ಗೆ, ಸಿನಾಯ್ ಬೆಟ್ಟದ ಸೂರ್ಯೋದಯದ ಬಗ್ಗೆ ಬರೆದುಕೊಡುತ್ತೇನೆಂದು ನಮ್ಮ ಸಂಪಾದಕರಿಗೆ ಮಾತು ಕೊಟ್ಟಿದ್ದೆ. 2023ರ ನವೆಂಬರಿನಲ್ಲಿ ಕೊಚ್ಚಿಯಿಂದ ಜೋರ್ಡಾನ್, ಇಸ್ರೇಲ್, ಈಜಿಪ್ಟ್‌ಗಳಿಗೆ ಹೊರಡುವ ಗುಂಪು ಪ್ರವಾಸಕ್ಕೆ ನಾನೂ ನಮ್ಮ ಯಜಮಾನರೂ ಹಣ ಕಟ್ಟಿದ್ದೆವು. ನಮ್ಮನ್ನು ಹುರಿದುಂಬಿಸಿದವರು ತಿರುವನಂತಪುರದ ನಮ್ಮ ನೆರೆಮನೆಯ ಚೇಚಿ. ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕಿ, ಕ್ರೈಸ್ತರು. ಯೋರ್ದಾನ್ ನದಿಯಲ್ಲಿ ಒಮ್ಮೆ ಕಾಲಿಡಬೇಕೆಂದು ಪಿಂಚಣಿಯಲ್ಲಿ ವರ್ಷಗಟ್ಟಲೆ ಉಳಿಸಿದವರು. ನನ್ನ ಆಸೆ ಅಷ್ಟು ಪವಿತ್ರವಾದುದೇನಲ್ಲ. ಬಿ.ಎ.ಯಲ್ಲಿ ಇಂಗ್ಲಿಷ್ ಓದುವಾಗ ಬೈಬಲ್ಲಿನ ಕೆಲವು ಭಾಗಗಳು ಪಠ್ಯವಾಗಿದ್ದವು, ಆ ಊರುಗಳನ್ನು ಕಣ್ಣಾರೆ ನೋಡುವ ಚಪಲ, ಅಷ್ಟೆ.

ಅಕ್ಟೋಬರ್ 7ರಂದು ಅಲ್ಲಿ ಯುದ್ಧ ಹತ್ತಿಕೊಂಡಿತು. ಪ್ರವಾಸ ರದ್ದಾಯಿತು. ಕಟ್ಟಿದ ಹಣ ಬರಲು ಐದು ತಿಂಗಳು ಹಿಡಿಯಿತು, ಅದೂ ಪೂರ್ತಿ ಬರಲಿಲ್ಲ. ಯುದ್ಧ ನಿಲ್ಲುವುದನ್ನು ಚೇಚಿಯ ಮಂಡಿ ಕಾಯಲಿಲ್ಲ. ಮರುವರ್ಷ ಕೈಗೆ ಊರುಗೋಲು ಬಂತು.

ಆದ್ದರಿಂದ ನಮ್ಮ ಸಂಘದ ವಾರ್ಷಿಕ ಪ್ರವಾಸ ಕೊಚ್ಚಿಗೆ ಎಂದು ಗೊತ್ತಾದ ಕೂಡಲೇ ಅವರನ್ನೂ ಕರೆದೆ. ಶನಿವಾರ ಬೆಳಿಗ್ಗೆ ಪಾಳಯಂನಲ್ಲಿ ಎಲ್ಲರೂ ಸೇರಿದೆವು. ಮಸೀದಿ, ಇಗರ್ಜಿ, ಗಣಪತಿ ದೇವಸ್ಥಾನ ಮೂರೂ ಅಕ್ಕಪಕ್ಕದಲ್ಲೇ ಇರುವುದರಿಂದ ಯಾರಿಗೆ ಯಾರನ್ನು ನೆನೆಯಬೇಕೋ ಅವರನ್ನು ನೆನೆದು ಮಿನಿಬಸ್ಸು ಹತ್ತಿದರು. ನಮ್ಮ ಡಬ್ಬಿಗಳಲ್ಲಿ ಪುಳಿಯೋಗರೆ, ಮೊಸರನ್ನ. ಚೇಚಿಯ ಡಬ್ಬಿಯಲ್ಲಿ ಅಚ್ಚಪ್ಪಂ.

ದಾರಿಯಲ್ಲಿ ನಾನೊಂದು ಸಣ್ಣ ಭಾಷಣವನ್ನೂ ಮಾಡಿದೆ. ಸೊಲೊಮೋನ ರಾಜನಿಗೆ ಹಡಗುಗಳು ಮೂರು ವರ್ಷಕ್ಕೊಮ್ಮೆ ಬಂಗಾರ, ದಂತ, ಕೋತಿ, ನವಿಲುಗಳನ್ನು ತರುತ್ತಿದ್ದವೆಂದು ಬೈಬಲ್ಲಿನಲ್ಲಿದೆ. ಬಂಗಾರದ ಓಫೀರ್ ಎಂದರೆ ನಮ್ಮ ತಿರುವನಂತಪುರದ ದಕ್ಷಿಣಕ್ಕಿರುವ ಪೂವಾರ್ ಎಂದು ಕೆಲವರು ಹೇಳುತ್ತಾರೆ. ಅದಕ್ಕೆ ಪುರಾವೆಯಿಲ್ಲ, ನನಗೆ ನಂಬಿಕೆಯೂ ಇಲ್ಲ. ಆದರೆ ಅಲ್ಲಿ ನವಿಲಿಗೆ ಬಳಸಿರುವ ಹೀಬ್ರೂ ಪದ ‘ತುಕ್ಕಿ’ಗೂ ತಮಿಳಿನ ‘ತೋಗೈ’ಗೂ ನಂಟಿದೆಯೆಂದು ಅನೇಕ ವಿದ್ವಾಂಸರ ಮತ. ತೋಗೈ ಎಂದರೆ ನವಿಲಿನ ಗರಿ, ನಮ್ಮ ‘ಸೋಗೆ’ಯ ಒಡಹುಟ್ಟು! ಇದಕ್ಕೆ ಬಸ್ಸಿನಲ್ಲಿ ಚಪ್ಪಾಳೆ ಬಿತ್ತು. ನಮ್ಮ ಯಜಮಾನರು ಮಾತ್ರ ನಿದ್ದೆ ಹೋಗಿದ್ದರು.

ಶನಿವಾರ ಯಹೂದಿಗಳ ವಿಶ್ರಾಂತಿ ದಿನ, ಸಿನಗಾಗ್ ತೆರೆಯುವುದಿಲ್ಲ. ಹಾಗಾಗಿ ಕೊಚ್ಚಿಯಲ್ಲಿ ತಂಗಿ, ಭಾನುವಾರ ಮಟ್ಟಾಂಚೇರಿಯ ಪರದೇಸಿ ಸಿನಗಾಗ್‌ಗೆ ಹೋದೆವು. 1568ರಲ್ಲಿ ಕಟ್ಟಿದ್ದು. ಪಕ್ಕದಲ್ಲೇ ಅರಮನೆ, ಭಗವತಿಯ ದೇವಸ್ಥಾನ. ನಮ್ಮ ದೇವಸ್ಥಾನಗಳಂತೆ ಇಲ್ಲೂ ಚಪ್ಪಲಿ ಹೊರಗೆ ಬಿಡಬೇಕು. ನೆಲಕ್ಕೆ ಚೀನಾದಿಂದ ತರಿಸಿದ ಬಿಳಿ–ನೀಲಿ ಬಿಲ್ಲೆಗಳು, ಎಲ್ಲವೂ ಕೈಯಲ್ಲಿ ಚಿತ್ರ ಬಿಡಿಸಿದವು, ಒಂದರಂತೆ ಇನ್ನೊಂದಿಲ್ಲ. ತಲೆಯ ಮೇಲೆ ಗಾಜಿನ ತೂಗುದೀಪಗಳು. ಎಲ್ಲ ಇದೆ, ಪ್ರಾರ್ಥನೆಗೆ ಬೇಕಾದ ಹತ್ತು ಜನ ಗಂಡಸರೇ ಇಲ್ಲ. 1948ರಲ್ಲಿ ಇಸ್ರೇಲ್ ಹುಟ್ಟಿದ ಮೇಲೆ ಕೊಚ್ಚಿಯ ಯಹೂದಿಗಳು ಬಹುತೇಕ ಹೊರಟುಹೋದರು. ಬೀದಿಯಲ್ಲಿ ಕಸೂತಿ ಅಂಗಡಿ ಇಟ್ಟಿದ್ದ ಸಾರಾ ಕೋಹೆನ್ 2019ರಲ್ಲಿ 96ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಗಾಲದಲ್ಲಿ ಅವರನ್ನು ನೋಡಿಕೊಂಡದ್ದು ಒಂದು ಮುಸ್ಲಿಂ ಕುಟುಂಬ.

ಹೋದವರೆಲ್ಲ ಎಲ್ಲಿಗೆ ಹೋದರು ಗೊತ್ತೇ? ಹಲವರು ನೆಗೆವ್ ಮರುಭೂಮಿಗೆ. ಅಬ್ರಹಾಮನ ಬಾವಿಯ ಕಥೆ ಬರುವ ಬೇರ್‌ಶೆಬದ ಹತ್ತಿರ ನೆವಾತಿಮ್ ಎಂಬ ಹಳ್ಳಿಯಲ್ಲಿ 1950ರ ದಶಕದಲ್ಲಿ ನೆಲೆಸಿದರು. ಹಿನ್ನೀರು, ತೆಂಗಿನ ತೋಟ ಬಿಟ್ಟು ಮರಳಿಗೆ! ಹೆಂಗಸರು ಮದುವೆ, ಹಬ್ಬಗಳಲ್ಲಿ ಹಾಡುತ್ತಿದ್ದ ಮಲಯಾಳಂ ಹಾಡುಗಳನ್ನು ನೋಟು ಪುಸ್ತಕಗಳಲ್ಲಿ ಬರೆದು ಜೊತೆಗೆ ಒಯ್ದರಂತೆ. ಇದನ್ನು ಹೇಳುವಾಗ ನನಗೆ ನಮ್ಮ ರಾಜ್ಯೋತ್ಸವದ ಮಕ್ಕಳು ಕಣ್ಣ ಮುಂದೆ ಬಂದರು. ಕನ್ನಡ ಹಾಡನ್ನು ಮಲಯಾಳಂ ಲಿಪಿಯಲ್ಲಿ ಬರೆದುಕೊಂಡು ಹಾಡುತ್ತಾರೆ. ನಗಬೇಡಿ, ನನ್ನ ಮಗಳೂ ಹಾಗೆಯೇ ಹಾಡಿದವಳು.

ಮಧ್ಯಾಹ್ನ ಪರವೂರು. ಅಲ್ಲಿನ ಹಳೆಯ ಸಿನಗಾಗ್ ಈಗ ವಸ್ತುಸಂಗ್ರಹಾಲಯ. ಹೆಂಗಸರು ಕೂರುತ್ತಿದ್ದ ಜಾಗ ಮಹಡಿಯ ಮೇಲೆ, ಮರದ ಜಾಲರಿಯ ಹಿಂದೆ. ಚೇಚಿಗೆ ಹತ್ತಲಾಗಲಿಲ್ಲ, ಕೆಳಗೇ ಕೂತರು. ಹತ್ತಿರದ ಪಟ್ಟಣಂ ಎಂಬ ಊರಿನಲ್ಲಿ 2007ರಿಂದ ಉತ್ಖನನ ನಡೆದು ರೋಮನ್ ಜಾಡಿಗಳ ಚೂರುಗಳು ಸಿಕ್ಕಿವೆ. ಇದೇ ಪ್ರಾಚೀನ ಮುಜಿರಿಸ್ ಇರಬೇಕೆಂದು ಹಲವು ತಜ್ಞರ ಅಭಿಪ್ರಾಯ. ಅತ್ತ ಈಜಿಪ್ಟಿನ ಕೆಂಪು ಸಮುದ್ರದ ದಂಡೆಯಲ್ಲಿ, ಬೆರೆನಿಕೆ ಎಂಬ ಮರುಭೂಮಿಯ ಬಂದರಿನ ಗುಡಿಯೊಂದರಲ್ಲಿ, ಭಾರತದ ಜಾಡಿಯೊಳಗೆ ಸುಮಾರು ಏಳೂವರೆ ಕಿಲೋ ಕರಿಮೆಣಸು ಸಿಕ್ಕಿತು. ಎರಡು ಸಾವಿರ ವರ್ಷದ ಹಿಂದಿನದು! ನನ್ನ ಅಡುಗೆಮನೆಯಲ್ಲಿ ಆರು ತಿಂಗಳಿಗೇ ಹುಳು ಬೀಳುತ್ತದೆ.

ಕೊನೆಗೆ ಚೇಂದಮಂಗಲಂ. ಸಿನಗಾಗ್‌ನ ಮುಂದೆ ಒಂದು ಸಮಾಧಿಗಲ್ಲು, 1269ನೆಯ ಇಸವಿಯದು, ಭಾರತದಲ್ಲಿ ಸಿಕ್ಕ ಅತ್ಯಂತ ಹಳೆಯ ಹೀಬ್ರೂ ಶಾಸನವೆನ್ನುತ್ತಾರೆ. ಒಬ್ಬ ಹೆಂಗಸಿನದು: ಇಸ್ರಾಯೇಲನ ಮಗಳು ಸಾರಾ. ಯಾರೋ, ಎಷ್ಟು ವಯಸ್ಸೋ. ಚೇಚಿ ಊರುಗೋಲು ನನ್ನ ಕೈಗೆ ಕೊಟ್ಟು, ಆ ಕಲ್ಲಿನ ಮುಂದೆ ಬಹಳ ಹೊತ್ತು ನಿಂತರು.

ವಾಪಸು ಬರುವಾಗ ಪೆರಿಯಾರ್ ಹೊಳೆ ಕಂಡಿತು. ನನಗೊಂದು ಉಪಾಯ ಹೊಳೆಯಿತು. “ಚೇಚಿ, ಬಸ್ಸು ನಿಲ್ಲಿಸೋಣವೇ? ಇಲ್ಲೇ ನೀರಿನಲ್ಲಿ ಕಾಲಿಡಿ, ಎಲ್ಲ ನದಿಯೂ ಒಂದೇ ಅಲ್ಲವೇ?” ಎಂದೆ. ದೊಡ್ಡ ಮಾತು ಆಡಿದೆನೆಂದು ನನಗೇ ಹೆಮ್ಮೆ.

ಚೇಚಿ ನನ್ನನ್ನು ತರಗತಿಯಲ್ಲಿ ತಪ್ಪುತ್ತರ ಕೊಟ್ಟ ಹುಡುಗಿಯಂತೆ ನೋಡಿದರು. “ಇದು ಪೆರಿಯಾರ್ ಮೋಳೇ. ಯೋರ್ದಾನ್ ಯೋರ್ದಾನೇ. ಯುದ್ಧ ನಿಲ್ಲಲಿ, ಗಾಲಿಕುರ್ಚಿಯಲ್ಲಾದರೂ ಹೋಗುತ್ತೇನೆ.”

ಊರಿಗೆ ಬಂದ ಮರುವಾರ ಅವರ ಪಾಸ್‌ಪೋರ್ಟ್ ನವೀಕರಣದ ಅರ್ಜಿ ತುಂಬಿಕೊಟ್ಟೆ. ಹತ್ತು ವರ್ಷಕ್ಕೆ.